ಸೆತೊ ಮಗ್‌ನಲ್ಲಿ ನಮ್ಮನೆ ಕಾಫಿ

ಊರಿಂದ ಜಪಾನಿನ ನಾಗೋಯಾಕ್ಕೆ ಬರುವವರು ವಿಮಾನ ಇಳಿದು ಮೊದಲು ಕಾಲಿಡುವುದು ನಾಗೋಯಾದಲ್ಲಲ್ಲ, ತೊಕೊನಾಮೆ ಎಂಬ ಕುಂಬಾರರ ಊರಿನಲ್ಲಿ. ಸಮುದ್ರ ತುಂಬಿಸಿ ಮಾಡಿದ ದ್ವೀಪದ ಮೇಲೆ 2005ರಲ್ಲಿ ಶುರುವಾದ ವಿಮಾನ ನಿಲ್ದಾಣ ಆ ಊರಿನ ಸರಹದ್ದಿಗೇ ಸೇರಿದ್ದು. ನಮ್ಮವರು ಇದನ್ನು ಗಮನಿಸದೆ ಸೂಟ್‌ಕೇಸ್ ಎಳೆದುಕೊಂಡು ರೈಲು ಹತ್ತಿ ಸೀದಾ ಪಟ್ಟಣಕ್ಕೆ ಬಂದುಬಿಡುತ್ತಾರೆ. ಎರಡನೇ ಸ್ಟೇಷನ್ನಿನಲ್ಲಿ ಇಳಿದು ಸ್ವಲ್ಪ ನಡೆದರೆ ಕಾಣುವುದೇ ಬೇರೆ: ಇಟ್ಟಿಗೆಯ ಹಳೇ ಚಿಮಣಿಗಳು, 1887ರಲ್ಲಿ ಗುಡ್ಡದ ಇಳಿಜಾರಿಗೆ ಕಟ್ಟಿದ ದೊಡ್ಡ ಆವಿಗೆ, ಒಂದು ಬದಿಗೆ ಮಣ್ಣಿನ ಕೊಳವೆ, ಇನ್ನೊಂದು ಬದಿಗೆ ಹೆಂಡದ ಜಾಡಿ ಪೇರಿಸಿಯೇ ಗೋಡೆ ಮಾಡಿದ ಏರು ಓಣಿ.

ನಾಗೋಯಾದಿಂದ ಎತ್ತ ಹೊರಟರೂ ಹೀಗೆ ಮಣ್ಣಿನ ಕೆಲಸದ ಒಂದು ಊರು ಸಿಗುತ್ತದೆ. ಒಂದು ಕಡೆ ಸೆತೊ, ಗುಡ್ಡದ ಆಚೆ ತಾಜಿಮಿ, ತೊಕಿ. ಜಪಾನಿನ ಆರು ಪ್ರಾಚೀನ ಕುಂಬಾರಿಕೆ ಕೇಂದ್ರಗಳೆಂದು ಇವರು ಹೇಳುವ ಪಟ್ಟಿಯಲ್ಲಿ ತೊಕೊನಾಮೆ, ಸೆತೊ ಎರಡೂ ಇವೆ. ತಾಜಿಮಿಯ ಸುತ್ತಲಿನ ಮಿನೊ ಸೀಮೆಯಂತೂ ಇಡೀ ದೇಶದ ಊಟದ ಪಿಂಗಾಣಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಮಾಡುತ್ತದೆ. ಅದರಲ್ಲಿ ಬಹುಪಾಲು ಯಂತ್ರದ ಕೆಲಸ. ಜಪಾನೀಯರೆಲ್ಲ ಕೈಯಲ್ಲಿ ತಟ್ಟಿದ ಬಟ್ಟಲಿನಲ್ಲೇ ಉಣ್ಣುತ್ತಾರೆ ಅಂದುಕೊಳ್ಳಬೇಡಿ. ನೂರು ಯೆನ್ ಅಂಗಡಿಯ ಮಗ್ ಎಲ್ಲರ ಮನೆಯಲ್ಲೂ ಇರುತ್ತದೆ. ನಮ್ಮನೆಯಲ್ಲೂ ಇದೆ, ಪೆನ್ನು ಹಾಕಿಡಲಿಕ್ಕೆ.

ಆದರೆ ಆ ಅಗ್ಗದ ಮಗ್‌ಗಳ ಪಕ್ಕದಲ್ಲೇ, ಅದೇ ತಟ್ಟೆ ಒಣಗಿಸುವ ಸ್ಟ್ಯಾಂಡಿನಲ್ಲೇ, ಯಾರೋ ಕೂತು ತಿರುಗಿಸಿ ಮಾಡಿದ ಒಂದೆರಡು ಮಗ್ ಕೂಡ ಒಣಗುತ್ತಿರುತ್ತವೆ. ನನಗೆ ಹಿಡಿಸಿದ್ದು ಇದು. ಒಳ್ಳೆಯದನ್ನು ಶೋಕೇಸಿಗೆ ಹಾಕಿ, ನೆಂಟರು ಬಂದಾಗ ಮಾತ್ರ ತೆಗೆದು, ಮನೆಯವರಿಗೆ ಮುಕ್ಕಾದ ಕಪ್ಪು ಕೊಡುವ ಪದ್ಧತಿಯಲ್ಲಿ ಬೆಳೆದವಳು ನಾನು. ಸಾಗರದ ನಮ್ಮನೆಯ ಶೋಕೇಸಿನಲ್ಲಿ ಹೂವಿನ ಚಿತ್ರದ ಟೀ ಸೆಟ್ಟೊಂದು ನನಗಿಂತ ಹಳೆಯದು. ಅದರಲ್ಲಿ ಟೀ ಕುಡಿದವರನ್ನು ನಾನು ಕಂಡಿಲ್ಲ.

ನಾನು ದಿನವೂ ಕಾಫಿ ಕುಡಿಯುವ ಮಗ್ ಸೆತೊದ್ದು. ಅಲ್ಲಿ ಸೆಪ್ಟೆಂಬರಿನ ಎರಡನೇ ಶನಿವಾರ, ಭಾನುವಾರ ಪಿಂಗಾಣಿ ಜಾತ್ರೆ ನಡೆಯುತ್ತದೆ. ಶುರುವಾದದ್ದು 1932ರಲ್ಲಿ. ಊರ ನಡುವೆ ಹರಿಯುವ ಸಣ್ಣ ಹೊಳೆಯ ಎರಡೂ ದಡಕ್ಕೆ ಸಾಲಾಗಿ ಡೇರೆ ಹಾಕಿಕೊಂಡು ಕಾರ್ಖಾನೆಯವರು, ಒಬ್ಬಂಟಿ ಕುಂಬಾರರು ಎಲ್ಲ ಕೂತಿರುತ್ತಾರೆ. ಜಾತ್ರೆ ನಡೆಯುವುದು ಕಾತೊ ತಾಮಿಕಿಚಿ ಎಂಬವನ ನೆನಪಿಗೆ. ಅವನ ಕಾಲದಲ್ಲಿ ಬಿಳಿ ಪಿಂಗಾಣಿ ಮಾಡುವ ಗುಟ್ಟು ದಕ್ಷಿಣದ ಕ್ಯೂಶೂನವರ ಕೈಯಲ್ಲಿತ್ತು. ಸೆತೊದವರ ಮಣ್ಣಿನ ಪಾತ್ರೆಗೆ ಮಾರುಕಟ್ಟೆ ಕುಸಿದಿತ್ತು. 1804ರಲ್ಲಿ ತಾಮಿಕಿಚಿ ಅಲ್ಲಿಗೆ ಹೋದ, ಆವಿಗೆಗಳಲ್ಲಿ ಆಳಾಗಿ ದುಡಿದ, ಎಲ್ಲ ಕಲಿತುಕೊಂಡು 1807ರಲ್ಲಿ ಊರಿಗೆ ವಾಪಸು ಬಂದ. ಈಗಿನ ಭಾಷೆಯಲ್ಲಿ ಹೇಳುವುದಾದರೆ ಶುದ್ಧ ಕೈಗಾರಿಕಾ ಗೂಢಚಾರಿಕೆ. ಸೆತೊದಲ್ಲಿ ಅವನಿಗೆ ಗುಡಿಯೇ ಇದೆ. ಅವನು ಕ್ಯೂಶೂನಲ್ಲಿ ಒಂದು ಮದುವೆಯನ್ನೂ ಆಗಿ, ಹೆಂಡತಿಯನ್ನು ಬಿಟ್ಟು ಬಂದನೆಂದೂ, ಜಾತ್ರೆಯ ದಿನ ಸುರಿಯುವ ಮಳೆ ಅವಳ ಕಣ್ಣೀರೆಂದೂ ಊರವರ ಮಾತು. ಸೆಪ್ಟೆಂಬರ್ ಇಲ್ಲಿ ಚಂಡಮಾರುತದ ತಿಂಗಳು, ಮಳೆ ಹೇಗೂ ಬರುತ್ತದೆ. ಆದರೂ ಆ ಹೆಂಗಸಿನ ಪರವಾಗಿ ಒಂದು ಮಾತಾದರೂ ಉಳಿದಿದೆಯಲ್ಲ ಅಂತ ನನಗೆ ಸಮಾಧಾನ.

ಜಾತ್ರೆಯಲ್ಲಿ ಮಗ್ ಆರಿಸುವುದನ್ನು ನಾನು ಕಲಿತದ್ದು ಪಕ್ಕದಲ್ಲಿ ನಿಂತಿದ್ದ ಅಜ್ಜಿಯರನ್ನು ನೋಡಿ. ಮೊದಲು ಉಂಗುರ ಕಳಚಿ ಪರ್ಸಿಗೆ ಹಾಕುತ್ತಾರೆ. ಆಮೇಲೆ ಎರಡೂ ಕೈಯಲ್ಲಿ ಎತ್ತಿ, ಮೇಜಿನಿಂದ ಹೆಚ್ಚು ಮೇಲೆ ಒಯ್ಯದೆ, ಒಳಗೆ ನೋಡಿ, ತಕ್ಷಣ ಬುಡ ಮೇಲಾಗಿ ತಿರುಗಿಸುತ್ತಾರೆ. ಬುಡದಲ್ಲಿರುವ ಬಳೆಯಾಕಾರದ ಪಾದಕ್ಕೆ ಗ್ಲೇಜ್, ಅಂದರೆ ಗಾಜಿನಂಥ ಹೊಳಪಿನ ಲೇಪ, ಹಚ್ಚಿರುವುದಿಲ್ಲ. ಹಚ್ಚಿದರೆ ಸುಡುವಾಗ ಅದು ಕರಗಿ ಆವಿಗೆಯ ಹಲಗೆಗೇ ಅಂಟಿಕೊಳ್ಳುತ್ತದೆ. ಹಾಗಾಗಿ ಅಸಲು ಮಣ್ಣು ಯಾವುದು, ಒರಟೋ ನಯವೋ, ಕೆಲಸಗಾರ ಕಾಣದ ಜಾಗವನ್ನು ಹೇಗೆ ಬಿಟ್ಟಿದ್ದಾನೆ ಅಂತ ಗೊತ್ತಾಗುವುದು ಅಲ್ಲೇ. ಅವನ ಸಣ್ಣ ಮುದ್ರೆ ಇರುವುದೂ ಹೆಚ್ಚಾಗಿ ಅಲ್ಲೇ.

ನಾನು ಒಂದನ್ನು ಎತ್ತಿ ಬಣ್ಣ ನೋಡುತ್ತಿದ್ದೆ. ಡೇರೆಯ ಹೆಂಗಸು, ಅಮ್ಮನ ವಯಸ್ಸಿನವರು, "ಬಣ್ಣ ಆಮೇಲೆ, ಕುಡಿಯುವ ಹಾಗೆ ಹಿಡಿದು ನೋಡಿ" ಅಂದರು. ಹಿಡಿದೆ. ಹಿಡಿಯೊಳಗೆ ಎರಡು ಬೆರಳು ಸಲೀಸಾಗಿ ಹೋದವು, ಮೂರನೆಯದು ಕೆಳಗಿನಿಂದ ಆಸರೆ ಕೊಟ್ಟಿತು. "ಖಾಲಿ ಇದ್ದಾಗ ಹಗುರ ಅನ್ನಿಸುತ್ತದೆ, ತುಂಬಿದಾಗ ಮಣಿಕಟ್ಟು ನೋಯಬಾರದು" ಅಂತ ಹೇಳಿ, ಅದನ್ನು ಬದಿಗಿಟ್ಟು, ಹಿಡಿ ಸ್ವಲ್ಪ ಮೇಲಕ್ಕಿದ್ದ ಇನ್ನೊಂದನ್ನು ಕೊಟ್ಟರು. ಕೊಂಡದ್ದು ಅದನ್ನೇ. ಬೆಲೆ ನಾಲ್ಕು ಸಾವಿರ ಯೆನ್ ಹತ್ತಿರ, ಅಂದರೆ ನಮ್ಮ ದುಡ್ಡಿನಲ್ಲಿ ಎರಡು ಸಾವಿರಕ್ಕೂ ಮೇಲೆ. ಹಳೇ ಪೇಪರಿನಲ್ಲಿ ಸುತ್ತಿ ಕೊಟ್ಟರು, ಚೌಕಾಸಿ ಇಲ್ಲ.

ಈ ಹಿಡಿಯ ವಿಷಯವನ್ನು ಸ್ವಲ್ಪ ಹೇಳಲೇಬೇಕು. ಜಪಾನಿನ ಹಳೇ ಚಹಾ ಬಟ್ಟಲುಗಳಿಗೆ ಹಿಡಿಯೇ ಇಲ್ಲ. ಮಗ್ ಬಂದದ್ದು ಕಾಫಿಯ ಜೊತೆ, ಪಶ್ಚಿಮದಿಂದ. ಕೈಕೆಲಸದ ಕುಂಬಾರರಲ್ಲಿ ಕೆಲವರಿಗೆ ಹಿಡಿ ಕೂರಿಸುವುದನ್ನು ಹೇಳಿಕೊಟ್ಟವನು ಬರ್ನಾರ್ಡ್ ಲೀಚ್ ಎಂಬ ಇಂಗ್ಲಿಷಿನವನು. ಅವನು ಹಮಾದಾ ಶೋಜಿ ಎಂಬ ಜಪಾನೀ ಕುಂಬಾರನ ಗೆಳೆಯ. 1920ರಲ್ಲಿ ಇಬ್ಬರೂ ಸೇರಿ ಇಂಗ್ಲೆಂಡಿನ ಸೇಂಟ್ ಐವ್ಸ್‌ನಲ್ಲಿ ಆವಿಗೆ ಹಾಕಿದ್ದರು. ಹಮಾದಾ ವಾಪಸು ಬಂದು 1924ರಲ್ಲಿ ಟೋಕಿಯೋದ ಉತ್ತರಕ್ಕಿರುವ ಮಾಶಿಕೊದಲ್ಲಿ ನೆಲೆಯೂರಿದ. ಲೀಚ್ ಮತ್ತೆ ಮತ್ತೆ ಜಪಾನಿಗೆ ಬರುತ್ತಿದ್ದ. ಶಿಮಾನೆಯ ಆವಿಗೆಗಳಲ್ಲಿ, 1954ರಲ್ಲಿ ಕ್ಯೂಶೂನ ಓನ್ತಾ ಹಳ್ಳಿಯಲ್ಲಿ, ಹಸಿ ಮಣ್ಣಿನಿಂದ ಹಿಡಿ ಎಳೆಯುವುದನ್ನು ಕುಂಬಾರರಿಗೆ ತೋರಿಸಿಕೊಟ್ಟ. ಎಳೆಯುವುದೆಂದರೆ ನಿಜವಾಗಿಯೂ ಎಳೆಯುವುದೇ: ಮಣ್ಣಿನ ಉದ್ದನೆಯ ಮುದ್ದೆಯನ್ನು ಒಂದು ಕೈಯಲ್ಲಿ ತೂಗುಹಾಕಿ, ಇನ್ನೊಂದು ಕೈ ನೀರಲ್ಲಿ ಅದ್ದಿ, ಹಸುವಿನ ಮೊಲೆ ಹಿಂಡುವ ಹಾಗೆ ಮೇಲಿಂದ ಕೆಳಕ್ಕೆ ಸವರುತ್ತಾ ಬರುತ್ತಾರೆ. ನನ್ನ ಮಗ್‌ನ ಹಿಡಿ ಮೇಲೆ ದಪ್ಪ, ಕೆಳಗೆ ತೆಳು. ಕೊನೆಯಲ್ಲಿ ಹೆಬ್ಬೆರಳಿಂದ ಒತ್ತಿ ಅಂಟಿಸಿದ ಗುಳಿ ಇನ್ನೂ ಹಾಗೇ ಇದೆ. ನನ್ನ ಹೆಬ್ಬೆರಳಿಗಿಂತ ಅಗಲ.

ಹಮಾದಾ, ಚಿಂತಕ ಯಾನಾಗಿ ಸೊಯೆತ್ಸು, ಇನ್ನೊಬ್ಬ ಕುಂಬಾರ ಕವಾಯ್ ಕಾಂಜಿರೊ ಈ ಮೂವರು 1925ರಲ್ಲಿ 'ಮಿಂಗೇ' ಅಂತ ಒಂದು ಚಳವಳಿ ಕಟ್ಟಿದರು. ಹೆಸರಿಲ್ಲದ ಕೆಲಸಗಾರ ದಿನಬಳಕೆಗೆ ಮಾಡಿದ ಪಾತ್ರೆಪಗಡಿಯೇ ಚಂದ, ಬಳಸದೆ ಇಟ್ಟದ್ದು ಚಂದವಲ್ಲ ಅನ್ನುವುದು ಅವರ ವಾದ. ಟೋಕಿಯೋದ ಕೊಮಾಬಾದಲ್ಲಿ 1936ರಲ್ಲಿ ಅವರು ತೆರೆದ ಮ್ಯೂಸಿಯಂ ಇಂದಿಗೂ ನಡೆಯುತ್ತಿದೆ. ವಿಚಿತ್ರವೆಂದರೆ ಹಮಾದಾನ ಕೈಯ ಬಟ್ಟಲುಗಳು ಈಗ ಬಡವರ ಅಡಿಗೆಮನೆಯಲ್ಲಿಲ್ಲ, ಗಾಜಿನ ಪೆಟ್ಟಿಗೆಯಲ್ಲಿವೆ. ಅದಕ್ಕೇ ಇಂಟರ್‌ನೆಟ್ಟಿನಲ್ಲಿ ಸೊಟ್ಟ ಮಗ್ ಒಂದರ ಫೋಟೋ ಹಾಕಿ, ಅಪೂರ್ಣತೆಯ ಸೌಂದರ್ಯ, ಝೆನ್ ಅಂತೆಲ್ಲ ಉಪದೇಶ ಬರೆಯುವವರನ್ನು ಕಂಡರೆ ನನಗೆ ತಲೆನೋವು. ಸೊಟ್ಟಗಿದ್ದದ್ದೆಲ್ಲ ಕಲೆಯಲ್ಲ. ಮೇಜಿನ ಮೇಲೆ ಅಲ್ಲಾಡುವ ಮಗ್ ಕೆಟ್ಟ ಮಗ್, ಅಷ್ಟೇ. ಸೆತೊದ ಆ ಹೆಂಗಸು ಝೆನ್ ಸುದ್ದಿ ಎತ್ತಲಿಲ್ಲ, ಮಣಿಕಟ್ಟಿನ ಮಾತಾಡಿದರು.

ಇನ್ನು ಕಾಫಿ. ಪುಡಿ ಊರಿಂದ ಬರುತ್ತದೆ, ಚಿಕೋರಿ ಬೆರೆಸಿದ್ದು. ಫಿಲ್ಟರ್ ಕೂಡ ಊರದ್ದೇ. ಇಲ್ಲೂ ಕಾಫಿಗೆ ಬರವಿಲ್ಲ. ನಾಗೋಯಾ ಸೀಮೆಯ ಹಳೇ ಕಾಫಿ ಅಂಗಡಿಗಳಲ್ಲಿ ಬೆಳಿಗ್ಗೆ ಹೋಗಿ ಬರೀ ಕಾಫಿ ಹೇಳಿದರೆ ಟೋಸ್ಟು, ಬೇಯಿಸಿದ ಮೊಟ್ಟೆ ಅದೇ ದುಡ್ಡಿಗೆ ಬರುತ್ತವೆ. ಆದರೆ ಡಿಕಾಕ್ಷನ್ ಇಲ್ಲದ ಬೆಳಗು ನನಗೆ ಬೆಳಗಾಗುವುದಿಲ್ಲ. ಮಗ್‌ನಲ್ಲಿ ಲೋಟ-ಬಟ್ಟಲಿನ ಆಟ ನಡೆಯುವುದಿಲ್ಲ, ಮೇಲಿಂದ ಸುರಿದು ನೊರೆ ಬರಿಸಲಾಗದು. ಪಾತ್ರೆಯಲ್ಲೇ ಎತ್ತಿ ಹೊಯ್ದು, ನೊರೆ ಎದ್ದ ಮೇಲೆ ಮಗ್‌ಗೆ ಬಗ್ಗಿಸುತ್ತೇನೆ. ಮೊದಲು ಬಿಸಿನೀರು ಹಾಕಿ ಮಗ್ ಬೆಚ್ಚಗೆ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ದಪ್ಪ ಮಣ್ಣೇ ಅರ್ಧ ಬಿಸಿ ಕುಡಿದುಬಿಡುತ್ತದೆ. ಒಮ್ಮೆ ಬೆಚ್ಚಗಾದರೆ ಮಾತ್ರ ಸ್ಟೀಲ್ ಲೋಟಕ್ಕೆ ಇದರ ಗುಣ ಬರುವುದಿಲ್ಲ. ಸ್ಟೀಲು ಬಿಸಿಯನ್ನು ಬೇಗ ಸಾಗಿಸುತ್ತದೆ: ಬೆರಳು ಸುಡುತ್ತದೆ, ತುಟಿ ಸುಡುತ್ತದೆ, ಕಾಫಿ ಆರಿಹೋಗುತ್ತದೆ. ಮಣ್ಣು ನಿಧಾನ. ಫೆಬ್ರವರಿಯ ಚಳಿಯಲ್ಲಿ ಹಿಡಿ ಬಿಟ್ಟು ಎರಡೂ ಅಂಗೈಯಲ್ಲಿ ಅಪ್ಪಿ ಹಿಡಿದು ಕುಡಿಯುತ್ತೇನೆ.

ಹೊಸ ಮಗ್ ಮನೆಗೆ ಬಂದ ದಿನ ನೇರ ಕಾಫಿ ಹಾಕುವ ಹಾಗಿಲ್ಲ. ಅಕ್ಕಿ ತೊಳೆದ ನೀರಿನಲ್ಲಿ, ಅಂದರೆ ನಾವು ದನಕ್ಕೆ ಇಡುವ ಅಕ್ಕಚ್ಚಿನಲ್ಲಿ, ಮುಳುಗಿಸಿ ಸಣ್ಣ ಉರಿಯಲ್ಲಿ ಕುದಿಸಿ, ಅದರಲ್ಲೇ ಆರಲು ಬಿಡಬೇಕು. ಅಕ್ಕಿಯ ಗಂಜಿ ಅಂಶ ಮಣ್ಣಿನ ಸಣ್ಣ ಸಣ್ಣ ರಂಧ್ರಗಳನ್ನು ತುಂಬಿಕೊಳ್ಳುತ್ತದೆ, ಕಲೆ ಬೇಗ ಹಿಡಿಯುವುದಿಲ್ಲ. ಬೇಗ ಹಿಡಿಯುವುದಿಲ್ಲ ಅಂದೆ, ಹಿಡಿಯುವುದೇ ಇಲ್ಲ ಅನ್ನಲಿಲ್ಲ. ಆವಿಗೆಯಿಂದ ತೆಗೆದು ಆರುವಾಗ ಗ್ಲೇಜ್ ಒಳಗಿನ ಮಣ್ಣಿಗಿಂತ ಹೆಚ್ಚು ಕುಗ್ಗಿದರೆ ಮೇಲ್ಮೈ ತುಂಬ ಕೂದಲೆಳೆಯ ಗೆರೆಗಳು ಬೀಳುತ್ತವೆ. ಮಗ್ ಸೋರುವುದಿಲ್ಲ, ಆದರೆ ಕಾಫಿ ಆ ಗೆರೆಗಳಲ್ಲಿ ಮೆಲ್ಲಗೆ ಇಳಿಯುತ್ತದೆ. ನನ್ನದರ ಒಳಮೈ ಹಳದಿ ಬೂದು ಇತ್ತು. ಈಗ ಕಂದು ಬಲೆ ಹಾಸಿದೆ, ನಾನು ಕುಡಿಯುವ ಬಲಬದಿಗೆ ದಟ್ಟವಾಗಿ, ಎಡಬದಿಗೆ ತೆಳುವಾಗಿ. ಇಲ್ಲಿನವರು ಇದನ್ನು ಹಾಳಾಯಿತು ಅನ್ನುವುದಿಲ್ಲ, ಪಳಗಿತು ಅನ್ನುತ್ತಾರೆ.

ಜೂನ್ ಮಳೆಯಲ್ಲಿ ಮಾತ್ರ ಜಾಗ್ರತೆ. ಮಲೆನಾಡಿನವರಿಗೆ ಬೂಷ್ಟಿನ ಬಗ್ಗೆ ಹೇಳಬೇಕಿಲ್ಲವಲ್ಲ. ತೊಳೆದ ಕೂಡಲೆ ಬೀರುವಿಗೆ ಹಾಕದೆ, ಬೋರಲು ಹಾಕಿ, ಪಾದ ಪೂರ್ತಿ ಒಣಗಲು ಬಿಡಬೇಕು. ನೀರು ಕುಡಿದ ಮಗ್ ಮೈಕ್ರೋವೇವಿಗೆ ಹೋದರೆ ಕಾಫಿಗಿಂತ ಮೊದಲು ಹಿಡಿಯೇ ಕಾದು ಕೂತಿರುತ್ತದೆ.

ಒಡೆದರೆ? ಒಡೆಯುತ್ತದೆ, ಮಣ್ಣಲ್ಲವೇ. ಮರದ ಅರಗಿನಿಂದ ಅಂಟಿಸಿ ಗೆರೆಗೆ ಚಿನ್ನದ ಪುಡಿ ಹಾಕುವ ಕಿಂತ್ಸುಗಿಯ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಆ ಅರಗಿನ ಮರ ನಮ್ಮ ಗೇರು, ಮಾವಿನ ಕುಟುಂಬದ್ದು. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಕೈ ಸುಟ್ಟುಕೊಂಡವರಿಗೆ ಈ ಅರಗಿನ ತುರಿಕೆಯೂ ಅರ್ಥವಾದೀತು. ಅದು ಗಟ್ಟಿಯಾಗಲು ಬಿಸಿಲು ಬೇಡ, ತೇವದ ಗಾಳಿ ಬೇಕು. ಹಂತ ಹಂತವಾಗಿ ತಿಂಗಳುಗಟ್ಟಲೆ ಹಿಡಿಯುವ ಕೆಲಸ, ಖರ್ಚು ಹೊಸ ಮಗ್‌ಗಿಂತ ಹೆಚ್ಚಾದರೂ ಆಯಿತು. ಹಾಗಾಗಿ ಜಪಾನಿನಲ್ಲಿ ಒಡೆದದ್ದಕ್ಕೆಲ್ಲ ಚಿನ್ನ ಹಾಕುತ್ತಾರೆ ಅನ್ನುವುದು ಕಟ್ಟುಕಥೆ. ನಮ್ಮೆಜಮಾನರ ಮಗ್ ಸಿಂಕಿನಲ್ಲಿ ಜಾರಿ ಎರಡು ಹೋಳಾದಾಗ ಪೇಪರಿನಲ್ಲಿ ಸುತ್ತಿ, ಸುಡದ ಕಸ ಒಯ್ಯುವ ದಿನ ಬರುವ ತನಕ ಬಾಲ್ಕನಿಯಲ್ಲಿಟ್ಟಿದ್ದೆವು.

ಅಮ್ಮ ಇಲ್ಲಿಗೆ ಬಂದಾಗ ಮೊದಲ ಬೆಳಿಗ್ಗೆ ಈ ಮಗ್‌ನಲ್ಲಿ ಕಾಫಿ ಕೊಟ್ಟೆ. ತಿರುಗಿಸಿ ನೋಡಿ, "ಇದೆಂಥದೇ, ಬಾಯಿ ಒಂದು ಕಡೆ ಎತ್ತರ, ಒಂದು ಕಡೆ ತಗ್ಗು. ಇದಕ್ಕೆ ಎರಡು ಸಾವಿರವಾ?" ಅಂದರು. ಕುಡಿದರು. ಆದರೆ ಮರುದಿನ ಸ್ಟೀಲ್ ಲೋಟ ಹುಡುಕಿ ತೆಗೆದಿಟ್ಟುಕೊಂಡಿದ್ದರು.

ಅಮ್ಮನದು ಹಟವಲ್ಲ, ಅದಕ್ಕೊಂದು ಲೆಕ್ಕವಿದೆ. ನಮ್ಮ ಮನೆಗಳಲ್ಲಿ ಮಣ್ಣಿನದಕ್ಕೆ ಎಂಜಲು ತಾಗಿದರೆ ಮುಗಿಯಿತು, ಎಸೆಯುವುದೇ. ಹಿತ್ತಾಳೆ, ಕಂಚು ಆದರೆ ಹುಣಸೆಹಣ್ಣು ಹಾಕಿ ತಿಕ್ಕಿದರೆ ಮತ್ತೆ ಶುದ್ಧ. ಅಜ್ಜಿ ಪಿಂಗಾಣಿ ಕಪ್ಪನ್ನು ಅಡಿಗೆಮನೆಯ ಹೊಸಿಲು ದಾಟಿಸುತ್ತಿರಲಿಲ್ಲ. ಹಾಗಾಗಿ ನಮ್ಮಲ್ಲಿ ಮೊಮ್ಮಕ್ಕಳ ತನಕ ಉಳಿಯುವುದು ಲೋಹ: ಪಾತ್ರೆ ಅಂಗಡಿಯವನು ಚುಕ್ಕಿ ಚುಕ್ಕಿ ಹಾಕಿ ಹೆಸರು, ಊರು, ಮದುವೆಯ ತಾರೀಕು ಕೊರೆದುಕೊಟ್ಟ ಚೊಂಬು, ತಟ್ಟೆ. ಇಲ್ಲಿ ಆ ಜಾಗದಲ್ಲಿ ಮಣ್ಣು ಕೂತಿದೆ. ಜಪಾನೀ ಮನೆಯಲ್ಲಿ ಅಪ್ಪನ ಅನ್ನದ ಬಟ್ಟಲು ಅಪ್ಪನದು, ಮಗಳ ಚಹಾ ಬಟ್ಟಲು ಮಗಳದು. ಅದಲುಬದಲು ಮಾಡುವುದಿಲ್ಲ. ಇದನ್ನು ಹೇಳಿದಾಗ ಅಮ್ಮನ ಮುಖ ಸಡಿಲವಾಯಿತು. "ಹಂಗಾರೆ ಇವರಿಗೂ ಎಂಜಲು-ಮುಸುರೆ ಗೊತ್ತುಂಟು ಅನ್ನು" ಅಂದರು. ಅವರ ಕಾರಣ ಬೇರೆ ಇದ್ದೀತು, ನಾನು ತಿದ್ದಲು ಹೋಗಲಿಲ್ಲ.

ವಾಪಸು ಹೋಗುವ ಮುಂಚೆ ತೊಕೊನಾಮೆಯಲ್ಲಿ ಇಳಿಸಿ ಓಣಿ ಸುತ್ತಿಸಿದೆ. ಒಂದು ಅಂಗಡಿಯಲ್ಲಿ ಅಮ್ಮನೇ ಉಂಗುರ ಕಳಚಿ, ಬುಡ ತಿರುಗಿಸಿ ನೋಡಿ, ದಪ್ಪಗಿನ ಕಪ್ಪು ಮಗ್ ಒಂದನ್ನು ಆರಿಸಿದರು. ಚೆಕ್-ಇನ್ ಬ್ಯಾಗಿಗೆ ಹಾಕಲು ಬಿಡದೆ ಸೀರೆಯಲ್ಲಿ ಸುತ್ತಿ ಕೈಚೀಲದಲ್ಲೇ ಒಯ್ದರು. ಈಗ ಅಪ್ಪ ಅದರಲ್ಲಿ ದಿನಾ ಜೀರಿಗೆ ಕಷಾಯ ಕುಡಿಯುತ್ತಾರಂತೆ, ಬೇರೆಯವರು ಮುಟ್ಟುವ ಹಾಗಿಲ್ಲವಂತೆ. ಅಮ್ಮನದು ಇನ್ನೂ ಸ್ಟೀಲ್ ಲೋಟವೇ.