ಹೊರಡುವ ಮೊದಲಿನ ಬಣ್ಣ

ಇವತ್ತು ಬೆಳಿಗ್ಗೆ ನಮ್ಮ ಹಕ್ಕಿ ನೋಡುವ ಗುಂಪು ಉಡುಪಿ ಹತ್ತಿರದ ಕೋಡಿಬೆಂಗ್ರೆಯಲ್ಲಿತ್ತು. ಸ್ವರ್ಣಾ, ಸೀತಾ ಎರಡೂ ಹೊಳೆಗಳು ಸೇರಿ ಕಡಲಿಗೆ ಹೋಗುವ ಜಾಗ. ಇಳಿತದ ಹೊತ್ತು. ಮರುವಾಯಿ (ಚಿಪ್ಪುಮೀನು) ಹೆಕ್ಕುವವರು ಆಗಲೇ ನೀರಿಗಿಳಿದಿದ್ದರು.

ಮಾರ್ಚ್ ಕೊನೆಗೆ, ವಾಪಸ್ ಹೊರಡುವ ಮೊದಲು, ವಲಸೆ ಹಕ್ಕಿಗಳ ಬಣ್ಣವೇ ಬೇರೆ. ಒಂದು ಪೆಸಿಫಿಕ್ ಗೋಲ್ಡನ್ ಪ್ಲೋವರ್ (ನೀರಂಚಿನ ವಲಸೆ ಹಕ್ಕಿ) ಕೆಸರಲ್ಲಿ ನಾಲ್ಕು ಹೆಜ್ಜೆ ಓಡುತ್ತಿತ್ತು, ಗಕ್ಕನೆ ನಿಲ್ಲುತ್ತಿತ್ತು, ಬಗ್ಗಿ ಹುಳ ಎಳೆಯುತ್ತಿತ್ತು. ಚಳಿಗಾಲದಲ್ಲಿ ಮಾಸಲು ಬಿಳಿಯಾಗಿದ್ದ ಹೊಟ್ಟೆಯಲ್ಲಿ ಈಗ ಅಲ್ಲಲ್ಲಿ ಕಪ್ಪು ಗರಿ. ಮರಿ ಮಾಡೋದು ದೂರದ ಸೈಬೀರಿಯಾ ಕಡೆ. ಅಲ್ಲಿಗೆ ಮುಟ್ಟುವಾಗ ಮುಖದಿಂದ ಹೊಟ್ಟೆವರೆಗೆ ಕಪ್ಪಾಗಿರುತ್ತದೆ. ಕಂದುತಲೆ ಕಡಲಕ್ಕಿಗಳೂ ಹಾಗೆಯೇ. ಚಳಿಯಲ್ಲಿ ಕಣ್ಣಿನ ಹಿಂದೆ ಬರೀ ಒಂದು ಚುಕ್ಕೆ, ಈಗ ತಲೆ ತುಂಬಾ ಕಂದು. ಎಷ್ಟು ನೋಡಿದರೂ ಸಾಲದು!

ಒಂದು ನಾಯಿ ಓಡಿ ಬಂದದ್ದೇ ಎಲ್ಲ ಒಟ್ಟಿಗೆ ಎದ್ದವು. ನೋಡಲು ಚಂದವೇ, ಆದರೆ ನನಗೆ ಸಂಕಟವಾಯಿತು. ಈಗ ತಿಂದು ಮೈಗೆ ಸೇರಿಸಿಕೊಳ್ಳುವ ಕೊಬ್ಬೇ ಅವುಗಳ ದಾರಿ ಖರ್ಚು. ಸುಮ್ನೆ ಎಬ್ಬಿಸಿದಷ್ಟೂ ಅದು ಕರಗುತ್ತದೆ, ಅಲ್ವಾ? ಫೋಟೋಗೆಂದು ನಮ್ಮಲ್ಲಿ ಯಾರೂ ಹತ್ತಿರ ಹೋಗಲಿಲ್ಲ, ಅದು ನನಗೆ ತುಂಬಾ ಇಷ್ಟವಾಯಿತು.

ಮುಂದಿನ ಭಾನುವಾರ ಉದ್ಯಾವರ ಹೊಳೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕಡೆ. ಬರುವವರು ಬೇಗ ಬನ್ನಿ, ಬಿಸಿಲು ಈಗಲೇ ಜಾಸ್ತಿ.