ಕಾರು 1969ರದ್ದು, ಹೆಡ್ಡು ಆಮೇಲಿನದ್ದು

ಡೆಟ್ರಾಯ್ಟ್ ಕಡೆ ಆಗಸ್ಟ್ ಬಂತು ಅಂದರೆ ನಮ್ಮ ಬೀದಿಯ ಗ್ಯಾರೇಜುಗಳ ಬಾಗಿಲು ಮುಚ್ಚುವುದೇ ಇಲ್ಲ. ಮೂರನೇ ಶನಿವಾರ ವುಡ್‌ವರ್ಡ್ ಅವೆನ್ಯೂ ತುಂಬ ಹಳೆ ಕಾರುಗಳು. 1995ರಲ್ಲಿ ಶುರುವಾದ ಜಾತ್ರೆ ಇದು. ಪಕ್ಕದ ಮನೆಯ ಹಿರಿಯರ ಹತ್ತಿರ 1969ರ ಶೆವ್ರೊಲೆ ಕಮಾರೊ ಇದೆ, 350 ಕ್ಯೂಬಿಕ್ ಇಂಚಿನ ವಿ-8. ಜೋರಾಗಿ ಓಡಿಸಿದರೆ ಚೆನ್ನಾಗಿಯೇ ಓಡುತ್ತಿತ್ತು. ಸಿಗ್ನಲ್‌ನಲ್ಲಿ ನಿಂತರೆ ಮಾತ್ರ ಕೆಮ್ಮು. "ಸ್ಪಾರ್ಕ್ ಪ್ಲಗ್ ಬದಲಾಯಿಸ್ತೀನಿ, ಬರ್ತೀಯಾ?" ಅಂದರು. ಅಪ್ಪನ ಬಜಾಜ್ ಸ್ಕೂಟರಿನ ಮೈಕೊ ಪ್ಲಗ್ಗನ್ನು ಉಪ್ಪುಕಾಗದದಲ್ಲಿ ಉಜ್ಜಿ ಬೆಳೆದವನು ನಾನು. ಕರೆದರೆ ಬಿಡ್ತೀನಾ?

ಅಂಗಡಿಯಲ್ಲಿ ಕಾರಿನ ವರ್ಷ, ಮಾಡೆಲ್ ನೋಡಿ ಪ್ಲಗ್ ಕೊಟ್ಟಿದ್ದರು. ಅವುಗಳ ಹೆಕ್ಸ್, ಅಂದರೆ ಸಾಕೆಟ್ ಹಿಡಿಯುವ ಆರು ಮೂಲೆಯ ಭಾಗ, 13/16 ಇಂಚು, ಕೆಳಗೊಂದು ವಾಷರ್. ಎಂಜಿನ್‌ನಲ್ಲಿದ್ದವನ್ನು ಬಿಚ್ಚಲು ನೋಡಿದರೆ 5/8 ಸಾಕೆಟ್ ಬೇಕಾಯಿತು. ಹೊರಬಂದ ಪ್ಲಗ್‌ಗೆ ವಾಷರ್ರೇ ಇಲ್ಲ, ಕೂರುವ ಜಾಗ ಇಳಿಜಾರು. ಶೆವ್ರೊಲೆಯ ಸ್ಮಾಲ್ ಬ್ಲಾಕ್‌ಗೆ, ಅಂದರೆ ಈ ಬಗೆಯ ವಿ-8 ಎಂಜಿನ್ನಿಗೆ, ಈ ನಮೂನೆ ಬಂದಿದ್ದು 1971ರಲ್ಲಿ. ವಾಲ್ವ್ ಕವರ್ ತೆಗೆದು ಚಿಂದಿಯಲ್ಲಿ ಎಣ್ಣೆ ಒರೆಸಿದೆವು. ಸಿಲಿಂಡರುಗಳ ಮುಚ್ಚಳದ, ಅಂದರೆ ಹೆಡ್ಡಿನ, ಮೇಲೆ 333882 ಅಂತ ಎರಕದ ನಂಬರು. ಎಪ್ಪತ್ತರ ದಶಕದ ನಡುವಿನ ಹೆಡ್ ಅದು. ಹಿಂದಿನ ಮಾಲೀಕರು ಯಾರೋ ಬದಲಾಯಿಸಿದ್ದಾರೆ. ಕಷ್ಟ ಏನಂದರೆ, ಎರಡೂ ಪ್ಲಗ್‌ಗಳ ಥ್ರೆಡ್ 14 ಮಿ.ಮೀ. ವಾಷರ್ ಇರೋದನ್ನು ತಿರುಗಿಸಿದರೆ ಆರಾಮಾಗಿ ಒಳಗೆ ಹೋಗುತ್ತೆ, ಆದರೆ ಸರಿಯಾಗಿ ಸೀಲ್ ಆಗಲ್ಲ.

ಹಳೆ ಪ್ಲಗ್‌ಗಳನ್ನು ಸಿಲಿಂಡರ್ ಲೆಕ್ಕದಲ್ಲೇ ರಟ್ಟಿನ ಮೇಲೆ ಜೋಡಿಸಿದೆವು. ಮುಟ್ಟಿದರೆ ಬೆರಳಿಗೆ ಒಣ ಮಸಿ. ಎಸಿ ಅನ್ನುವ ಕಂಪನಿಯ ಪ್ಲಗ್‌ಗಳು, ಮೇಲೆ ಆರ್43ಟಿ ಅಂತ ಬರೆದಿತ್ತು. ಟಿ ಅಂದರೆ ಇಳಿಜಾರು ಸೀಟು. ಆರ್ ಅಂದರೆ ಒಳಗೆ ರೆಸಿಸ್ಟರ್ ಇದೆ, ರೇಡಿಯೊ ಕರಕರ ಅನ್ನಲ್ಲ. 4 ಅಂದರೆ 14 ಮಿ.ಮೀ. ಕೊನೆಯ 3 ಇದೆಯಲ್ಲ, ಅದೇ ಶಾಖದ ಅಂಕಿ.

ಬಿಸಿ ಪ್ಲಗ್ ಅಂದರೆ ಕಿಡಿ ಜಾಸ್ತಿ ಅಂತ ತುಂಬ ಜನ ಅಂದ್ಕೊಂಡಿದ್ದಾರೆ. ಕಿಡಿಗೂ ಅದಕ್ಕೂ ಸಂಬಂಧವಿಲ್ಲ. ತುದಿಯ ಪಿಂಗಾಣಿ ಉದ್ದ ಇದ್ದರೆ ಶಾಖ ಹೆಡ್ಡಿಗೆ ನಿಧಾನಕ್ಕೆ ಇಳಿಯುತ್ತೆ, ತುದಿ ಬಿಸಿಯಾಗೇ ಇರುತ್ತೆ. ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಸಿ ತಾನೇ ಸುಟ್ಟುಹೋಗುತ್ತೆ. 850ರ ಮೇಲೆ ಹೋದರೆ ಕಿಡಿಗೆ ಮೊದಲೇ ಪೆಟ್ರೋಲು ಹತ್ತಿಕೊಂಡು ಪಿಸ್ಟನ್‌ಗೇ ಕುತ್ತು. ರೇಸಿಗೆ ತಣ್ಣನೆಯದು ಸರಿ. ಆದರೆ ಇವರು ಓಡಿಸೋದು ವುಡ್‌ವರ್ಡ್‌ನ ನಡಿಗೆ ವೇಗದಲ್ಲಿ, ಐಸ್‌ಕ್ರೀಮ್ ಅಂಗಡಿವರೆಗೆ! ಅದಕ್ಕೆ ತಣ್ಣನೆಯ 43 ಯಾಕೆ?

ಆರ್45ಟಿಎಸ್ ತರೋಣ ಅಂದೆ. ಎಸ್ ಅಂದರೆ ತುದಿ ಮುಂದಕ್ಕೆ ಚಾಚಿರೋದು. ಅವರಿಗೆ ಅನುಮಾನ: "ಅಂಕಿ ದೊಡ್ಡದಾದರೆ ತಣ್ಣಗಲ್ವಾ?" ಅದು ಜಪಾನಿನ ಎನ್‌ಜಿಕೆ ಕಂಪನಿಯ ಲೆಕ್ಕ. ಎಸಿಯಲ್ಲಿ ಉಲ್ಟಾ, ದೊಡ್ಡ ಅಂಕಿ ಅಂದರೆ ಬಿಸಿ. ಎಸಿ ನಮ್ಮ ಪಕ್ಕದ ಫ್ಲಿಂಟ್ ಊರಿನಲ್ಲಿ ಶುರುವಾದ ಕಂಪನಿ. ಆಲ್ಬರ್ಟ್ ಚಾಂಪಿಯನ್ ಅನ್ನುವವರ ಹೆಸರಿನ ಮೊದಲಕ್ಷರಗಳು ಅವು. ಚಾಂಪಿಯನ್ ಪ್ಲಗ್‌ಗೂ ಅವರದ್ದೇ ಹೆಸರು. ಒಬ್ಬನೇ ಮನುಷ್ಯ, ಎರಡು ಬ್ರ್ಯಾಂಡು!

ಇರಿಡಿಯಮ್ ಲೋಹದ ತುದಿಯ ಪ್ಲಗ್ ಹಾಕಿ ಅಂತ ಅವರ ಮಗ ಫೋನ್‌ನಲ್ಲಿ ಹೇಳಿದ. ಈ ಎಂಜಿನ್ನಿಗೆ ತಾಮ್ರದ ಕೋರ್ ಇರುವ ಮಾಮೂಲಿ ಪ್ಲಗ್ ಧಾರಾಳ ಸಾಕು. ಇಗ್ನಿಷನ್ ಇನ್ನೂ ಹಳೆ ಕಾಲದ, ಎಲೆಕ್ಟ್ರಾನಿಕ್ ಅಲ್ಲದ ಪಾಯಿಂಟ್‌ನದ್ದೇ ಆದ್ದರಿಂದ ಗ್ಯಾಪ್, ಅಂದರೆ ಕಿಡಿ ಹಾರುವ ಸಂದು, 0.035 ಇಂಚು ಇಟ್ಟೆವು. ಸಂದು ಅಳೆಯುವ ಫೀಲರ್ ಗೇಜ್ ಸ್ವಲ್ಪ ಹಿಡಿದ ಹಾಗೆ ಜಾರಬೇಕು, ಅಷ್ಟೇ. ಇನ್ನೂ ಅಗಲ ಮಾಡಿದರೆ ಈ ಕಾಯಿಲ್‌ನ ಕಿಡಿ ಹಾರೋದೇ ಕಷ್ಟ. ಆಮೇಲೆ ಬೆರಳಲ್ಲೇ ತಿರುಗಿಸಿ ಕೂರಿಸಿ, ಕೊನೆಗೆ ಮಾತ್ರ ರಾಚೆಟ್. ಇಳಿಜಾರು ಸೀಟಿನದ್ದಕ್ಕೆ ಜಾಸ್ತಿ ಬಿಗಿದರೆ ಮುಂದಿನ ಸಲ ಬಿಚ್ಚುವವನಿಗೆ ಶಾಪ.

ಊರೆಲ್ಲ ಸುತ್ತಿ ಬಂದೆವು. ಸಿಗ್ನಲ್‌ನಲ್ಲಿ ಕೆಮ್ಮಿಲ್ಲ. ಮತ್ತೆ ಬಿಚ್ಚಿ ನೋಡಿದರೆ ಪಿಂಗಾಣಿಗೆ ತಿಳಿ ಕಂದು ಬಣ್ಣ ಹತ್ತುತ್ತಿತ್ತು. ಡ್ರೈವರ್ ಕಡೆಯ ಕೊನೆಯದು, ಏಳನೆಯದು ಮಾತ್ರ ಎಣ್ಣೆಯಲ್ಲಿ ಒದ್ದೆ. ಅದು ಪ್ಲಗ್‌ನ ತಪ್ಪಲ್ಲ, ಸಿಲಿಂಡರಿಗೆ ಎಣ್ಣೆ ಇಳಿಯದಂತೆ ತಡೆಯುವ ವಾಲ್ವ್ ಸೀಲ್ ಹೋಗಿರಬೇಕು. ರಿಪೇರಿ ಚಳಿಗಾಲಕ್ಕೆ ಅಂತಾಯಿತು. ಜಾತ್ರೆ ಮುಗಿಯಲಿ ಅಂತ ಆ ಒಂದು ಸಿಲಿಂಡರ್‌ಗೆ ಇನ್ನೂ ಬಿಸಿಯ 46 ಹಾಕಿದೆವು.