ಪಂಚವೀಸ್ ಅಂದರೆ 52 ಬರೆಯುವ ಮಕ್ಕಳು

ಪುಣೆಯ ವಾಘೋಲಿ, ಹಿಂಜವಡಿ ಕಡೆಯ ಕಟ್ಟಡ ಕೆಲಸದವರ ಲೇಬರ್ ಕ್ಯಾಂಪುಗಳಲ್ಲಿ ಸಂಜೆ ಪಾಠ ಹೇಳಿಕೊಡಲು ಬರುವ ಹೊಸಬರು ಮೊದಲ ವಾರವೇ ತೀರ್ಪು ಕೊಟ್ಟುಬಿಡುತ್ತಾರೆ: 'ಈ ಹುಡುಗನಿಗೆ ಗಣಿತ ತಲೆಗೇ ಹತ್ತೋದಿಲ್ಲ.' ಯಾದಗಿರಿ, ಕಲಬುರಗಿ ಕಡೆಯ ಮಗು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. 'ಪಂಚವೀಸ್' (ಮರಾಠಿಯಲ್ಲಿ 25) ಅಂದರೆ 52 ಬರೆಯುತ್ತದೆ. ಕಿವಿಗೆ ಬಿದ್ದ ಹಾಗೇ ಬರೆದಿದೆ: ಐದು ಮೊದಲು, ಇಪ್ಪತ್ತು ಆಮೇಲೆ. ನಮ್ಮ ಇಪ್ಪತ್ತೈದು ಇದಕ್ಕೆ ತಿರುಗುಮುರುಗು.

ಆದ್ದರಿಂದ ಮೊದಲು ಐದೇ ಸಂಖ್ಯೆ ಬರೆಸಿ: 25, 52, 38, 83, 47. ಒಂದು ಸಲ ಕನ್ನಡದಲ್ಲಿ ಹೇಳಿ, ಮರುದಿನ ಮರಾಠಿಯಲ್ಲಿ. 33, 44 ಬೇಡ. ತಿರುಗಿಸಿ ಬರೆದರೂ ತಪ್ಪು ಕಾಣುವುದಿಲ್ಲ. ಕನ್ನಡದಲ್ಲಿ ಸರಿ, ಮರಾಠಿಯಲ್ಲಿ ತಪ್ಪಾದರೆ ಹತ್ತು-ಬಿಡಿ ಗೊತ್ತಿದೆ, ಹೆಸರಷ್ಟೇ ತೊಡಕು. ಎರಡರಲ್ಲೂ ತಪ್ಪಿದರೆ ಐಸ್‌ಕ್ರೀಂ ಕಡ್ಡಿ ಹತ್ತತ್ತು ಸೇರಿಸಿ ರಬ್ಬರ್ ಹಾಕಿ, ಕಟ್ಟು ಎಡಕ್ಕೆ, ಬಿಡಿ ಬಲಕ್ಕೆ ಇಡಿಸಿ. ದಿನಕ್ಕೆ 15 ನಿಮಿಷ ಸಾಕು. ಹೆಸರಿನ ತೊಡಕಿದ್ದವರಿಗೆ 'ಪಂಚವೀಸ್' ಅಂದಾಗ ಮೊದಲು ಬಿಡಿ ಐದನ್ನು ಬಲಕ್ಕೆ ಇಟ್ಟು, ಆಮೇಲೆ ಎರಡು ಕಟ್ಟು ಎಡಕ್ಕೆ ಇಡಲು ಹೇಳಿ. ಬರೆಯುವುದು ಕೊನೆಗೆ.

2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಎರಡನೇ ತರಗತಿ ಗಣಿತ ಪುಸ್ತಕದಲ್ಲಿ 'ವೀಸ್ ಪಾಚ್' (ಇಪ್ಪತ್ತು ಐದು) ಎಂದು ಓದುವ ಕ್ರಮ ಬಂದಾಗ ಅಲ್ಲಿ ದೊಡ್ಡ ಗಲಾಟೆಯಾಯಿತು. ನಮ್ಮ ಮಕ್ಕಳಿಗೆ ಅದು ಮನೆಯ ಮಾತಿನ ಕ್ರಮವೇ. ಸಂಕೋಚವಿಲ್ಲದೆ ಬಳಸಿ.

ಇದಕ್ಕಿಂತ ಕಠಿಣ 'ಏಕೋಣ'ದ ಗುಂಪು. ಏಕೋಣತೀಸ್ 29, ಏಕತೀಸ್ 31. ಜೋರಾಗಿ ಓದಿಸುವಾಗ ಒಂದೇ ಥರ ಕೇಳುತ್ತವೆ. 'ಮೂವತ್ತಕ್ಕೆ ಒಂದು ಕಮ್ಮಿ' ಎಂದು ಕನ್ನಡದಲ್ಲೇ ಬಿಡಿಸಿ ಹೇಳಿ. 19ರಿಂದ 89ರವರೆಗೆ ಸೂತ್ರ ನಡೆಯುತ್ತದೆ. 99 ಮಾತ್ರ ನವ್ಯಾಣ್ಣವ್, ಅದನ್ನು ಬಾಯಿಪಾಠ ಮಾಡಿಸಿಬಿಡಿ.

ಪಾಠಕ್ಕಿಂತ ಹೆಚ್ಚು ಕಾಡುವುದು ಗೈರುಹಾಜರಿ. ತಂಗಿಯನ್ನು ಸೊಂಟದ ಮೇಲೆ ಹೊತ್ತು ಬರುವ ಹುಡುಗಿಯನ್ನು 'ಕೂಸನ್ನ ಬಿಟ್ಟು ಬಾ' ಎಂದು ಕಳಿಸಿದರೆ ಅವಳು ವಾಪಸ್ ಬರುವುದಿಲ್ಲ. ಕೂಸಿಗೊಂದು ಚಾಪೆ, ನಾಲ್ಕು ಪ್ಲಾಸ್ಟಿಕ್ ಡಬ್ಬಿ ಇಡಿ. ಪಂಚಮಿಗೆ, ಜಾತ್ರೆಗೆ ಊರಿಗೆ ಹೋದವರು ಯಾವಾಗ ಬರುತ್ತಾರೋ ಹೇಳಲಾಗದು. ಪ್ರತಿ ಪಾಠ ಅಂದಂದೇ ಮುಗಿಯುವಂತಿರಲಿ. ಕಟ್ಟಡ ಮುಗಿದರೆ ಸಂಸಾರವೇ ಬೇರೆ ಸೈಟಿಗೆ. ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಎಲ್ಲಿವರೆಗೆ ಬಂದಿದೆ ಎಂದು ಮರಾಠಿಯಲ್ಲಿ ಬರೆದಿಡಿ, ಮುಂದಿನ ಗುರುಗಳಿಗೆ ಸಿಗುತ್ತದೆ. ಟಿಸಿ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಅಪ್ಪ-ಅವ್ವನಿಗೆ ಇದನ್ನು ಒಮ್ಮೆಯಲ್ಲ, ಮೂರು ಸಲ ಹೇಳಿ.

ಫಲ ಕಾಣುವುದು ಪರೀಕ್ಷೆಯ ಅಂಕಗಳಿಗಿಂತ ಮುಂಚೆ, ಶೆಡ್ಡಿನಲ್ಲಿ. ಮುಕಾದಮನ (ಕೂಲಿಗಳ ಮೇಸ್ತ್ರಿಯ) ಹಾಜರಿ ಪುಸ್ತಕವನ್ನು ಅಪ್ಪನ ಪಕ್ಕ ಕೂತು ಮಗಳು ಕೂಡುತ್ತಾಳೆ, ಅರ್ಧ ದಿನ ಬಿಟ್ಟುಹೋಗಿದ್ದನ್ನು ಹಿಡಿಯುತ್ತಾಳೆ. ಆ ಲೆಕ್ಕ ಕೇಳಲು ಮುಕಾದಮನ ಹತ್ತಿರ ಅಪ್ಪನೇ ಹೋಗಲಿ, ಮಗುವನ್ನು ಕಳಿಸಬೇಡಿ.